ನೇರಪ್ರಸಾರದ ನಡುವೆ ಒಬಿಎಸ್ ಮುಚ್ಚಿಹೋದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯಲ್ಲಿ ಮದುವೆ, ಜಾತ್ರೆ, ಕಬಡ್ಡಿ ಪಂದ್ಯಾವಳಿ, ರಾತ್ರಿಯಿಡೀ ನಡೆಯುವ ಪೌರಾಣಿಕ ನಾಟಕ ಇವನ್ನೆಲ್ಲ ಯೂಟ್ಯೂಬ್‌ಗೆ ನೇರಪ್ರಸಾರ ಮಾಡಿಕೊಡುವುದು ಈಗ ಫೋಟೊ ಸ್ಟುಡಿಯೊಗಳ ಮಾಮೂಲಿ ಕೆಲಸವಾಗಿದೆ. ಈ ಕೆಲಸದಲ್ಲಿರುವವರನ್ನು ಹೆಚ್ಚು ಕಾಡುವುದು ಕಾರಣವನ್ನೇ ತೋರಿಸದೆ ಬಂದುಹೋಗುವ ದೋಷ. ನಿನ್ನೆ ಇಡೀ ರಾತ್ರಿ ಸರಾಗವಾಗಿ ಓಡಿದ ಕಂಪ್ಯೂಟರಿನಲ್ಲಿ ಇಂದು ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ ನೇರಪ್ರಸಾರದ ತಂತ್ರಾಂಶವಾದ ಒಬಿಎಸ್ ಮುಚ್ಚಿಹೋಗುತ್ತದೆ, ಮತ್ತೆ ತೆರೆದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಇಲ್ಲಿನ ಉತ್ತರಗಳನ್ನು ವಿಂಡೋಸ್ ಕಂಪ್ಯೂಟರ್ ಮತ್ತು ಒಬಿಎಸ್ ಸ್ಟುಡಿಯೊ ಬಳಸುವವರನ್ನು ಗಮನದಲ್ಲಿಟ್ಟುಕೊಂಡು ಬರೆಯಲಾಗಿದೆ. ಬೇರೆ ತಂತ್ರಾಂಶ ಬಳಸುವವರಿಗೂ ಹಾರ್ಡ್‌ವೇರಿಗೆ ಸಂಬಂಧಿಸಿದ ಭಾಗ ಹಾಗೆಯೇ ಅನ್ವಯಿಸುತ್ತದೆ.

ಲೈವ್ ನಡೆಯುವಾಗ ಮಾತ್ರ ಒಬಿಎಸ್ ಮುಚ್ಚಿಹೋಗುತ್ತದೆ. ದೋಷ ಒಬಿಎಸ್‌ನದೇ ಅಲ್ಲವೆ?

ಇಷ್ಟರಿಂದಲೇ ಹಾಗೆಂದು ತೀರ್ಮಾನಿಸಲು ಬರುವುದಿಲ್ಲ. ನೇರಪ್ರಸಾರದ ಹೊತ್ತಿನಲ್ಲಿ ಒಂದೇ ತಂತ್ರಾಂಶವು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್, ಡಿಸ್ಕ್, ಯುಎಸ್‌ಬಿ ಮತ್ತು ನೆಟ್‌ವರ್ಕ್ ಇಷ್ಟನ್ನೂ ಏಕಕಾಲಕ್ಕೆ ಗಂಟೆಗಟ್ಟಲೆ ದುಡಿಸುತ್ತದೆ. ಫೋಟೊ ತಿದ್ದುವಾಗಲೋ ಆಲ್ಬಮ್ ವಿನ್ಯಾಸ ಮಾಡುವಾಗಲೋ ಇಂಥ ಎಡೆಬಿಡದ ಹೊರೆ ಬೀಳುವುದಿಲ್ಲ. ಹೀಗಾಗಿ ಯಂತ್ರದಲ್ಲಿ ಎಲ್ಲೋ ಇರುವ ದೌರ್ಬಲ್ಯ ಮೊದಲು ಹೊರಬೀಳುವುದು ಒಬಿಎಸ್ ನಡೆಯುತ್ತಿರುವಾಗಲೇ. ಹೆಂಚಿನ ಮನೆಯಲ್ಲಿ ಹನಿ ಬೀಳುವ ಜಾಗದ ನೇರ ಮೇಲೆಯೇ ಹೆಂಚು ಒಡೆದಿರಬೇಕೆಂದೇನೂ ಇಲ್ಲ, ಇಲ್ಲಿಯೂ ಹಾಗೆಯೇ. ಆದರೆ ಇದರ ಅರ್ಥ ಪ್ರತಿ ಕ್ರ್ಯಾಶ್‌ಗೂ ಹಾರ್ಡ್‌ವೇರೇ ಕಾರಣವೆಂದೂ ಅಲ್ಲ. ಹಳೆಯ ಪ್ಲಗಿನ್ (ಒಬಿಎಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ), ಕೆಟ್ಟ ಡ್ರೈವರ್ (ಬಿಡಿಭಾಗವನ್ನು ವಿಂಡೋಸ್‌ಗೆ ಹೊಂದಿಸುವ ತಂತ್ರಾಂಶ), ಬ್ರೌಸರ್ ಸೋರ್ಸ್‌ನಲ್ಲಿ ಓಡುತ್ತಿರುವ ಭಾರವಾದ ಸ್ಕೋರ್‌ಬೋರ್ಡ್ ಇವುಗಳಿಂದಲೂ ಬೇಕಾದಷ್ಟು ಕ್ರ್ಯಾಶ್‌ಗಳು ಆಗುತ್ತವೆ. ಯಾವುದು ಎಂದು ಊಹಿಸಿ ಹಣ ಖರ್ಚು ಮಾಡುವ ಮೊದಲು ಬೇರ್ಪಡಿಸಿ ನೋಡಬೇಕು, ಮತ್ತು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಡ್ರೈವರ್, ರ‍್ಯಾಮ್, ವಿಂಡೋಸ್ ಮೂರನ್ನೂ ಒಂದೇ ದಿನ ಬದಲಿಸಿದವರಿಗೆ ತೊಂದರೆ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ, ಹೋಗದಿದ್ದರೆ ಎಲ್ಲಿಂದ ಮುಂದುವರಿಯಬೇಕೆಂದೂ ತಿಳಿಯುವುದಿಲ್ಲ.

ಕ್ರ್ಯಾಶ್, ಹ್ಯಾಂಗ್, ಫ್ರೇಮ್ ಡ್ರಾಪ್ ಎಲ್ಲವೂ ಒಂದೇ ತೊಂದರೆಯ ಬೇರೆ ಬೇರೆ ರೂಪಗಳೇ?

ಅಲ್ಲ. ಇವನ್ನು ಬೇರ್ಪಡಿಸಿಕೊಳ್ಳದೆ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ವೀಕ್ಷಕರಿಗೆ ಚಿತ್ರ ನಿಂತು ನಿಂತು ಕಾಣುತ್ತಿದ್ದು ನಿಮ್ಮ ಒಬಿಎಸ್ ತೆರೆದೇ ಇದ್ದರೆ ಅದು ಬಹುಪಾಲು ಅಪ್‌ಲೋಡ್ ವೇಗದ ಪ್ರಶ್ನೆ. ಒಬಿಎಸ್‌ನ ಸ್ಟ್ಯಾಟ್ಸ್ ಫಲಕದಲ್ಲಿ ನೆಟ್‌ವರ್ಕ್‌ನಿಂದ ಕಳೆದುಹೋದ ಫ್ರೇಮುಗಳ ಲೆಕ್ಕ, ಎನ್‌ಕೋಡಿಂಗ್ (ಕಳಿಸಲು ವಿಡಿಯೊವನ್ನು ಕುಗ್ಗಿಸುವ ಕೆಲಸ) ತಡವಾದ್ದರಿಂದ ಬಿಟ್ಟುಹೋದ ಫ್ರೇಮುಗಳ ಲೆಕ್ಕ, ಗ್ರಾಫಿಕ್ಸ್ ಕಾರ್ಡ್ ತಡಮಾಡಿದ್ದರಿಂದ ತಪ್ಪಿದ ಫ್ರೇಮುಗಳ ಲೆಕ್ಕ ಮೂರೂ ಬೇರೆ ಬೇರೆಯಾಗಿ ಕಾಣುತ್ತವೆ. ಒಬಿಎಸ್ ಮಾತ್ರ ಮುಚ್ಚಿ ಉಳಿದ ಕಂಪ್ಯೂಟರ್ ನಡೆಯುತ್ತಿದ್ದರೆ ಅದು ಕ್ರ್ಯಾಶ್. ಪರದೆ ಹೆಪ್ಪುಗಟ್ಟಿದಂತೆ ನಿಂತು ಮೌಸ್ ಕೂಡ ಅಲುಗಾಡದಿದ್ದರೆ, ನೀಲಿ ಪರದೆ ಬಂದರೆ, ಇಲ್ಲವೆ ಕಂಪ್ಯೂಟರ್ ಯಾವ ಸೂಚನೆಯೂ ಇಲ್ಲದೆ ಆರಿ ತಾನಾಗಿಯೇ ಮತ್ತೆ ಹೊತ್ತಿಕೊಂಡರೆ ಹಾರ್ಡ್‌ವೇರ್ ಅಥವಾ ಡ್ರೈವರ್ ಮೇಲೆ ಅನುಮಾನ ಬಲವಾಗುತ್ತದೆ. ಅದರಲ್ಲೂ ಸದ್ದಿಲ್ಲದೆ ಪೂರ್ತಿ ಆರಿಹೋಗುವ ಕಂಪ್ಯೂಟರಿನಲ್ಲಿ ಮೊದಲು ನೋಡಬೇಕಾದದ್ದು ವಿದ್ಯುತ್ ಮತ್ತು ಶಾಖ.

ಕ್ರ್ಯಾಶ್ ಆದ ಮೇಲೆ ಮೊದಲು ಏನು ನೋಡಬೇಕು?

ಮತ್ತೆ ತೆರೆದು ಪ್ರಸಾರ ಮುಂದುವರಿಸಿ, ಕಾರ್ಯಕ್ರಮ ಮುಗಿಸಿ. ಆದರೆ ಕ್ರ್ಯಾಶ್ ಆದ ಗಂಟೆ ಮತ್ತು ನಿಮಿಷವನ್ನು ಮಾತ್ರ ಆಗಲೇ ಬರೆದಿಟ್ಟುಕೊಳ್ಳಿ. ಕ್ಯಾಮೆರಾ ಬದಲಿಸಿದಿರೋ, ಯಾರಾದರೂ ಸ್ಪೀಕರ್ ಚಾಲೂ ಮಾಡಿದರೋ, ಲೈಟು ಒಮ್ಮೆ ಮಂಕಾಯಿತೋ ಎಂಬುದನ್ನೂ ಎರಡು ಪದಗಳಲ್ಲಿ ಬರೆದಿಡಿ. ಮನೆಗೆ ಬಂದ ಮೇಲೆ ಕೆಲಸಕ್ಕೆ ಬರುವುದು ಈ ಟಿಪ್ಪಣಿಯೇ.

ಆಮೇಲೆ ನೋಡಬೇಕಾದ ದಾಖಲೆಗಳು ಮೂರು ಕಡೆ ಇರುತ್ತವೆ. ಒಬಿಎಸ್‌ನ ಹೆಲ್ಪ್ ಮೆನುವಿನಲ್ಲಿ ಲಾಗ್ ಫೈಲ್ಸ್ ಮತ್ತು ಕ್ರ್ಯಾಶ್ ರಿಪೋರ್ಟ್ಸ್ ಎಂಬ ಎರಡು ಆಯ್ಕೆಗಳಿವೆ. ಲಾಗ್‌ನ ಆರಂಭದಲ್ಲಿ ನಿಮ್ಮ ಪ್ರೊಸೆಸರ್, ಮೆಮೊರಿ, ವಿಂಡೋಸ್ ಆವೃತ್ತಿ, ಲೋಡ್ ಆದ ಪ್ಲಗಿನ್‌ಗಳು ದಾಖಲಾಗಿರುತ್ತವೆ. ಸರಿಯಾಗಿ ಮುಚ್ಚಿದ ಸೆಷನ್ನಿನ ಲಾಗ್ ಕೊನೆಯಲ್ಲಿ ಮುಕ್ತಾಯದ ಸಾಲುಗಳಿದ್ದರೆ, ಕ್ರ್ಯಾಶ್ ಆದ ಸೆಷನ್ನಿನ ಲಾಗ್ ನಡುವೆಯೇ ಕಡಿದುಹೋಗಿರುತ್ತದೆ. ಆ ಕೊನೆಯ ಕೆಲವು ಸಾಲುಗಳನ್ನು ನಿಧಾನವಾಗಿ ಓದಬೇಕು. ಎರಡನೆಯದು ವಿಂಡೋಸ್‌ನ ಈವೆಂಟ್ ವ್ಯೂಯರ್. ಅದರ ಅಪ್ಲಿಕೇಶನ್ ಭಾಗದಲ್ಲಿ 1000 ಸಂಖ್ಯೆಯ ದೋಷ ಯಾವ ತಂತ್ರಾಂಶ, ಅದರ ಯಾವ ಮಾಡ್ಯೂಲ್‌ನಲ್ಲಿ, ಅಂದರೆ ಯಾವ ಬಿಡಿ ಕಡತದಲ್ಲಿ, ಬಿದ್ದಿತು ಎಂಬುದನ್ನು ಹೇಳುತ್ತದೆ. ಸಿಸ್ಟಮ್ ಭಾಗದಲ್ಲಿ ಹಾರ್ಡ್‌ವೇರಿನ ದೂರುಗಳು ಬರುತ್ತವೆ. ಮೂರನೆಯದು ರಿಲಯಬಿಲಿಟಿ ಮಾನಿಟರ್. ಹೆಚ್ಚು ಜನ ಇದನ್ನು ತೆರೆಯುವುದೇ ಇಲ್ಲ, ಆದರೆ ಹೊಸಬರಿಗೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ದಿನದಿನದ ವೈಫಲ್ಯಗಳನ್ನೂ ಹೊಸದಾಗಿ ಹಾಕಿದ ತಂತ್ರಾಂಶ ಮತ್ತು ಅಪ್‌ಡೇಟ್‌ಗಳನ್ನೂ ಒಂದೇ ಪಟ್ಟಿಯಲ್ಲಿ ತೋರಿಸುವುದರಿಂದ, ಯಾವ ದಿನದಿಂದ ಕೆಟ್ಟಿತು, ಅದರ ಹಿಂದಿನ ದಿನ ಏನು ಬದಲಾಯಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ಈ ದಾಖಲೆಗಳಿಂದ ತಂತ್ರಾಂಶದ ದೋಷವನ್ನೂ ಹಾರ್ಡ್‌ವೇರ್ ದೋಷವನ್ನೂ ಹೇಗೆ ಗುರುತಿಸುವುದು?

ಒಂದು ಕ್ರ್ಯಾಶ್‌ನಿಂದ ಗುರುತಿಸುವುದು ಕಷ್ಟ. ಹಲವನ್ನು ಪಕ್ಕಪಕ್ಕದಲ್ಲಿ ಇಟ್ಟಾಗ ಚಿತ್ರ ಮೂಡುತ್ತದೆ. ಪ್ರತಿ ಸಲವೂ ಅದೇ ಮಾಡ್ಯೂಲ್, ಅದೇ ಆಫ್‌ಸೆಟ್ ಸಂಖ್ಯೆ (ಮಾಡ್ಯೂಲ್ ಒಳಗಿನ ಜಾಗದ ಗುರುತು), ಅದೇ ಕೆಲಸ ಮಾಡುವಾಗ ಬೀಳುತ್ತಿದ್ದರೆ ಅದು ತಂತ್ರಾಂಶದ ದೋಷದ ಲಕ್ಷಣ, ಏಕೆಂದರೆ ತಂತ್ರಾಂಶದ ಕೋಡಿನಲ್ಲಿನ ತಪ್ಪು ಪ್ರತಿ ಸಲವೂ ಅದೇ ಜಾಗದಲ್ಲಿ ಇರುತ್ತದೆ. ಇಂದು ಒಬಿಎಸ್, ನಾಳೆ ಬ್ರೌಸರ್, ನಾಡಿದ್ದು ವಿಡಿಯೊ ಎಡಿಟರ್ ಹೀಗೆ ಬೇರೆ ಬೇರೆ ತಂತ್ರಾಂಶಗಳು ಬೇರೆ ಬೇರೆ ಮಾಡ್ಯೂಲ್‌ಗಳಲ್ಲಿ ಬೀಳುತ್ತಿದ್ದರೆ, ಜಿಪ್ ಕಡತ ಬಿಚ್ಚುವಾಗ ಕೆಲವೊಮ್ಮೆ ದೋಷ ಬಂದು ಮತ್ತೊಮ್ಮೆ ಬಿಚ್ಚಿದಾಗ ಸರಿಹೋಗುತ್ತಿದ್ದರೆ, ಅದು ಹಾರ್ಡ್‌ವೇರಿನ ಅಸ್ಥಿರತೆಯ ಲಕ್ಷಣ.

ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಸಿ0000005 ಎಂದು ಕೊನೆಗೊಳ್ಳುವ ಸಂಕೇತ, ಅಂದರೆ ಆಕ್ಸೆಸ್ ವಯೊಲೇಶನ್, ತನಗೆ ಸೇರದ ಮೆಮೊರಿ ವಿಳಾಸವನ್ನು ತಂತ್ರಾಂಶ ಮುಟ್ಟಿತು ಎಂದಷ್ಟೇ ಹೇಳುತ್ತದೆ. ಅದು ಕೆಟ್ಟ ಪ್ಲಗಿನ್‌ನಿಂದಲೂ ಆಗಬಹುದು, ಕೆಟ್ಟ ರ‍್ಯಾಮ್‌ನಿಂದಲೂ ಆಗಬಹುದು. ಹಾಗೆಯೇ ಮಾಡ್ಯೂಲ್ ಹೆಸರು ಎನ್‌ಟಿಡಿಎಲ್‌ಎಲ್ (ವಿಂಡೋಸ್‌ನದೇ ಒಂದು ಕಡತ) ಎಂದು ಬಂದ ಮಾತ್ರಕ್ಕೆ ವಿಂಡೋಸ್ ಕೆಟ್ಟಿದೆ ಎಂದಾಗುವುದಿಲ್ಲ. ಬೇರೆ ಮಾಡ್ಯೂಲ್ ಮಾಡಿದ ಹಾನಿ ಅನೇಕ ವೇಳೆ ಅಲ್ಲಿಗೆ ಬಂದಾಗ ಪತ್ತೆಯಾಗುತ್ತದೆ, ಅಷ್ಟೆ.

ಸಿಸ್ಟಮ್ ಭಾಗದಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ (WHEA-Logger) ಹೆಸರಿನ ನಮೂದುಗಳಿದ್ದರೆ ಮಾತ್ರ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ, ಏಕೆಂದರೆ ಅದು ಹಾರ್ಡ್‌ವೇರೇ ಕೊಡುವ ವರದಿ. ಅದರಲ್ಲಿ 18 ಎಂಬ ಸಂಖ್ಯೆ ಮಾರಕ ದೋಷವನ್ನೂ 19 ಎಂಬುದು ಸರಿಪಡಿಸಿಕೊಂಡ ದೋಷವನ್ನೂ ಸೂಚಿಸುತ್ತವೆ. 18ರ ನಮೂದುಗಳಲ್ಲಿ ಪ್ರತಿ ಸಲವೂ ಅದೇ ಪ್ರೊಸೆಸರ್ ಗುರುತು ಕಂಡರೆ ಪ್ರೊಸೆಸರಿನ ಒಂದು ನಿರ್ದಿಷ್ಟ ಕೋರ್ ಮೇಲೆ ಅನುಮಾನ ಪಡಬಹುದು. ಕರ್ನಲ್-ಪವರ್ 41 ಎಂಬುದನ್ನು ಕಂಡು ಅನೇಕರು ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹೋಗಿದೆ ಎಂದುಕೊಳ್ಳುತ್ತಾರೆ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ನೀವೇ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿದರೂ ಅದೇ ನಮೂದು ಬರುತ್ತದೆ.

ಒಬಿಎಸ್‌ನ ಸೇಫ್ ಮೋಡ್‌ನಿಂದ ಏನು ಪ್ರಯೋಜನ?

2023ರಲ್ಲಿ ಬಂದ 30ನೇ ಆವೃತ್ತಿಯಿಂದ ಒಬಿಎಸ್‌ನಲ್ಲಿ ಸೇಫ್ ಮೋಡ್ ಇದೆ. ಹಿಂದಿನ ಸಲ ಸರಿಯಾಗಿ ಮುಚ್ಚದಿದ್ದರೆ ತೆರೆಯುವಾಗ ಅದೇ ಕೇಳುತ್ತದೆ. ಹೆಲ್ಪ್ ಮೆನುವಿನಿಂದಲೂ ಆ ಸ್ಥಿತಿಗೆ ಹೋಗಬಹುದು. ಇದರಲ್ಲಿ ಹೊರಗಿನವರು ಬರೆದ ಪ್ಲಗಿನ್‌ಗಳು, ಸ್ಕ್ರಿಪ್ಟ್‌ಗಳು ಮತ್ತು ವೆಬ್‌ಸಾಕೆಟ್ ಲೋಡ್ ಆಗುವುದಿಲ್ಲ. ಈ ಸ್ಥಿತಿಯಲ್ಲಿ ದೀರ್ಘಕಾಲ ಸರಿಯಾಗಿ ನಡೆದರೆ ಪ್ಲಗಿನ್‌ಗಳನ್ನು ಒಂದೊಂದಾಗಿ ಮರಳಿ ಸೇರಿಸುತ್ತ ಹೋಗಿ. ಒಬಿಎಸ್ ಆವೃತ್ತಿ ಬದಲಾದಾಗ ಹಳೆಯ ಪ್ಲಗಿನ್ ಹೊಂದದೆ ಹೋಗುವುದು ಬಹಳ ಸಾಮಾನ್ಯ.

ಸೇಫ್ ಮೋಡ್‌ನಲ್ಲೂ ಬಿದ್ದರೆ ಹೊಸದೊಂದು ಸೀನ್ ಕಲೆಕ್ಷನ್ (ದೃಶ್ಯಗಳು ಮತ್ತು ಸೋರ್ಸ್‌ಗಳ ಜೋಡಣೆ) ಮಾಡಿ, ಒಂದು ಕ್ಯಾಮೆರಾ ಮತ್ತು ಒಂದು ಮೈಕ್ ಮಾತ್ರ ಇಟ್ಟು ರೆಕಾರ್ಡಿಂಗ್ ಹಾಕಿ ಬಿಡಿ. ವರ್ಷಗಟ್ಟಲೆ ಬೆಳೆದ ಸೀನ್ ಕಲೆಕ್ಷನ್‌ಗಳಲ್ಲಿ ಎಂದೋ ಮುಗಿದ ಮದುವೆಯ ವಿಡಿಯೊ ಸೋರ್ಸ್‌ಗಳು, ಬಳಕೆಯಲ್ಲಿಲ್ಲದ ಬ್ರೌಸರ್ ಸೋರ್ಸ್‌ಗಳು ಉಳಿದುಕೊಂಡು ಮೆಮೊರಿ ತಿನ್ನುತ್ತಿರುತ್ತವೆ. ಪ್ರತಿ ಕಾರ್ಯಕ್ರಮಕ್ಕೂ ಸ್ವಚ್ಛವಾದ ಕಲೆಕ್ಷನ್ ಒಂದರ ನಕಲಿನಿಂದ ಆರಂಭಿಸುವುದು ಒಳ್ಳೆಯ ಅಭ್ಯಾಸ.

ಇದೇ ಕಂಪ್ಯೂಟರಿನಲ್ಲಿ ದೊಡ್ಡ ಗೇಮ್‌ಗಳು ತೊಂದರೆಯಿಲ್ಲದೆ ನಡೆಯುತ್ತವೆ. ಹಾಗಿದ್ದರೆ ಹಾರ್ಡ್‌ವೇರ್ ಸರಿಯಿದೆ ಎಂದಲ್ಲವೆ?

ಹಾಗೆನ್ನಲಾಗದು. ಗೇಮ್ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡನ್ನು ದುಡಿಸುತ್ತದೆ. ಪ್ರೊಸೆಸರಿನಿಂದಲೇ ವಿಡಿಯೊ ಕುಗ್ಗಿಸುವ ಎಕ್ಸ್264 ಎನ್‌ಕೋಡರ್ ಬಳಸಿ ಪ್ರಸಾರ ಮಾಡುವಾಗ ಪ್ರೊಸೆಸರಿನ ಎಲ್ಲ ಕೋರ್‌ಗಳೂ ಬಿಡುವಿಲ್ಲದೆ ದುಡಿಯುತ್ತವೆ, ಮೆಮೊರಿಯೂ ಅದರೊಂದಿಗೆ ದುಡಿಯುತ್ತದೆ. ಗೇಮ್‌ನ ಚಿತ್ರದಲ್ಲಿ ಒಂದು ಬಿಟ್ ತಪ್ಪಿದರೆ ಒಂದು ಚುಕ್ಕೆಯ ಬಣ್ಣ ಬದಲಾಗಿ ಯಾರಿಗೂ ಕಾಣದೆ ಹೋಗಬಹುದು. ಅದೇ ಬಿಟ್ ಒಂದು ಮೆಮೊರಿ ವಿಳಾಸಕ್ಕೆ ಸೇರಿದ್ದಾದರೆ ತಂತ್ರಾಂಶ ಅಲ್ಲಿಯೇ ಬೀಳುತ್ತದೆ. ಇದಕ್ಕೆ ವಿರುದ್ಧವಾದ ಸಂದರ್ಭವೂ ಇದೆ: ಪ್ರೊಸೆಸರ್ ವೋಲ್ಟೇಜನ್ನು ತಗ್ಗಿಸಿಟ್ಟವರ ಕಂಪ್ಯೂಟರ್ ಪೂರ್ತಿ ಹೊರೆಯಲ್ಲಿ ಗಟ್ಟಿಯಾಗಿ ನಿಂತು, ಕೆಲಸವಿಲ್ಲದೆ ಸುಮ್ಮನಿರುವಾಗ ಬೀಳುತ್ತದೆ. ಎಎಂಡಿ ಪ್ರೊಸೆಸರುಗಳಲ್ಲಿ ಕರ್ವ್ ಆಪ್ಟಿಮೈಸರ್ ಮುಟ್ಟಿದವರು ಇದನ್ನು ನೆನಪಿನಲ್ಲಿಡಬೇಕು.

ರ‍್ಯಾಮ್ ಮೇಲೆ ಅನುಮಾನವಿದೆ. ಪರೀಕ್ಷಿಸುವ ಕ್ರಮವೇನು?

ಹಾರ್ಡ್‌ವೇರ್ ಎಂದು ಅನಿಸಿದಾಗ ಮೊದಲು ನೋಡಬೇಕಾದದ್ದು ರ‍್ಯಾಮೇ. ಪರೀಕ್ಷೆಗೆ ಹಣ ಖರ್ಚಿಲ್ಲ, ದೋಷ ಸಿಕ್ಕರೆ ಉತ್ತರ ಖಚಿತ. ಮೊದಲ ಹೆಜ್ಜೆಯಾಗಿ ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಮೆಮೊರಿ ವೇಗದ ಪ್ರೊಫೈಲ್ ಚಾಲೂ ಇದೆಯೇ ಎಂದು ನೋಡಿ. ರ‍್ಯಾಮ್ ಪೊಟ್ಟಣದ ಮೇಲೆ 3600 ಅಥವಾ 6000 ಎಂದು ಬರೆದ ವೇಗ ತಾನಾಗಿ ಬರುವುದಿಲ್ಲ. ಈ ಪ್ರೊಫೈಲ್ ಹಾಕಿದಾಗ ಮಾತ್ರ ಬರುತ್ತದೆ, ಮತ್ತು ಅದು ಲೆಕ್ಕಕ್ಕೆ ಓವರ್‌ಕ್ಲಾಕಿಂಗೇ, ಅಂದರೆ ನಿಗದಿತ ವೇಗ ಮೀರಿ ಓಡಿಸುವುದೇ. ರ‍್ಯಾಮ್ ಆ ವೇಗಕ್ಕೆ ಒಪ್ಪಿದರೂ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್, ಮದರ್‌ಬೋರ್ಡ್ ಇವೂ ಒಪ್ಪಬೇಕು. ನಾಲ್ಕು ಸ್ಲಾಟ್‌ಗಳಲ್ಲೂ ರ‍್ಯಾಮ್ ತುಂಬಿಸಿದಾಗ, ಬೇರೆ ಬೇರೆ ಸಮಯದಲ್ಲಿ ಕೊಂಡ ಜೋಡಿಗಳನ್ನು ಬೆರೆಸಿದಾಗ ಒಪ್ಪದಿರುವ ಸಾಧ್ಯತೆ ಇನ್ನೂ ಹೆಚ್ಚು. ಪ್ರೊಫೈಲ್ ತೆಗೆದು ಮೂಲ ವೇಗದಲ್ಲಿ, ಡಿಡಿಆರ್5 ಆದರೆ ಹೆಚ್ಚಾಗಿ 4800ರಲ್ಲಿ, ಕೆಲವು ಕಾರ್ಯಕ್ರಮ ಮಾಡಿ ನೋಡಿ. ನೇರಪ್ರಸಾರದ ಕೆಲಸಕ್ಕೆ ಈ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ. ದುಡಿಮೆಯ ಕಂಪ್ಯೂಟರಿನಲ್ಲಿ ಎಕ್ಸ್‌ಎಂಪಿ ಇಲ್ಲದೆಯೇ ಕೆಲಸ ಮಾಡುವುದು ಮೇಲು ಎಂದೇ ನಾನು ಹೇಳುತ್ತೇನೆ.

ಎರಡನೆಯ ಹೆಜ್ಜೆ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86 ಪ್ಲಸ್. ಇವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಬೇಕು. ಮೊದಲನೆಯದರ ಉಚಿತ ಆವೃತ್ತಿ 4 ಸುತ್ತು ಓಡುತ್ತದೆ. ಎರಡನೆಯದು ಮುಕ್ತ ತಂತ್ರಾಂಶವಾಗಿದ್ದು ನಿಲ್ಲಿಸುವ ತನಕ ಓಡುತ್ತದೆ. ರಾತ್ರಿ ಹಾಕಿ ಬೆಳಿಗ್ಗೆ ನೋಡುವುದು ಸರಿಯಾದ ಕ್ರಮ. ಒಂದೇ ಒಂದು ದೋಷ ಕಂಡರೂ ಅದು ದೋಷವೇ. ಲಕ್ಷಾಂತರ ಪರೀಕ್ಷೆಯಲ್ಲಿ ಒಂದು ತಾನೆ ಎಂದು ಬಿಡುವಂತಿಲ್ಲ. ದೋಷ ಕಂಡರೆ ಒಂದೊಂದೇ ಮೆಮೊರಿ ಕಡ್ಡಿಯನ್ನು, ಮದರ್‌ಬೋರ್ಡ್ ಕೈಪಿಡಿ ಹೇಳುವ ಸ್ಲಾಟ್‌ನಲ್ಲಿ ಹಾಕಿ ಪರೀಕ್ಷಿಸಿ. ದೋಷ ಕಡ್ಡಿಯ ಹಿಂದೆ ಹೋಗುತ್ತದೋ ಸ್ಲಾಟ್‌ನಲ್ಲೇ ಉಳಿಯುತ್ತದೋ ಎಂಬುದರಿಂದ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ಮೆಮ್‌ಟೆಸ್ಟ್‌ನಲ್ಲಿ ಯಾವ ದೋಷವೂ ಬರಲಿಲ್ಲ. ರ‍್ಯಾಮನ್ನು ಪಟ್ಟಿಯಿಂದ ಬಿಡಬಹುದೆ?

ಸದ್ಯಕ್ಕೆ ಕೆಳಕ್ಕೆ ಸರಿಸಬಹುದು, ಪೂರ್ತಿ ಬಿಡುವಂತಿಲ್ಲ. ಈ ಪರೀಕ್ಷೆ ನಡೆಯುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುತ್ತದೆ, ಕ್ಯಾಬಿನೆಟ್ ತಣ್ಣಗಿರುತ್ತದೆ. ಮೂರು ಗಂಟೆ ಪ್ರಸಾರ ಮಾಡಿ ಒಳಗೆಲ್ಲ ಕಾದ ಮೇಲೆ ಮಾತ್ರ ತಪ್ಪುವ ಕಡ್ಡಿ ತಂಪಾದ ರಾತ್ರಿಯಲ್ಲಿ ತೇರ್ಗಡೆಯಾಗಿಬಿಡಬಹುದು. ಆದ್ದರಿಂದ ವಿಂಡೋಸ್ ಒಳಗೆ ಪ್ರೈಮ್95 ಅಥವಾ ಒಸಿಸಿಟಿಯಂಥ ಪರೀಕ್ಷೆಯನ್ನೂ ಓಡಿಸಿ. ಪ್ರೈಮ್95 ಗಣಿತದ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಹುಟ್ಟಿದ್ದು. ತನ್ನ ಲೆಕ್ಕವನ್ನು ತಾನೇ ತಾಳೆ ನೋಡಿಕೊಳ್ಳುವುದರಿಂದ ಯಂತ್ರ ತಪ್ಪು ಉತ್ತರ ಕೊಟ್ಟ ಕ್ಷಣವೇ ಆ ಕೆಲಸವನ್ನು ನಿಲ್ಲಿಸಿ ತಿಳಿಸುತ್ತದೆ. ಅದರ ಸ್ಮಾಲ್ ಎಫ್‌ಎಫ್‌ಟಿ ಆಯ್ಕೆ ಪ್ರೊಸೆಸರನ್ನೂ ಬ್ಲೆಂಡ್ ಆಯ್ಕೆ ಮೆಮೊರಿಯನ್ನೂ ಹೆಚ್ಚು ದಣಿಸುತ್ತವೆ. ಪರೀಕ್ಷೆಯುದ್ದಕ್ಕೂ ಎಚ್‌ಡಬ್ಲ್ಯುಇನ್ಫೊ ತೆರೆದಿಟ್ಟು ಶಾಖವನ್ನು ಗಮನಿಸುತ್ತಿರಬೇಕು.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳು ಕಾಲಕ್ರಮೇಣ ಕೆಡುತ್ತವೆ ಎಂದು ಕೇಳಿದ್ದು ನಿಜವೆ?

ನಿಜ. ಈ ತಲೆಮಾರುಗಳ 65 ವಾಟ್ ಮತ್ತು ಅದಕ್ಕಿಂತ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ ಕಾಲಕ್ರಮೇಣ ಅಸ್ಥಿರತೆ ಕಾಣಿಸಿಕೊಳ್ಳುತ್ತದೆ ಎಂದು ಇಂಟೆಲ್ 2024ರಲ್ಲಿ ಒಪ್ಪಿಕೊಂಡಿತು. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಮತ್ತು ಶಾಖದಿಂದ ಕೋರ್‌ನೊಳಗಿನ ಕ್ಲಾಕ್ ಸರ್ಕ್ಯೂಟ್ ಸವೆದು, ಅದು ಸರಿಯಾಗಿ ನಡೆಯಲು ಬೇಕಾದ ಕನಿಷ್ಠ ವೋಲ್ಟೇಜೇ ಏರಿಬಿಡುವುದು ಇದರ ಮೂಲ. ಅದೇ ವರ್ಷದ ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್‌ಗಳು (ಪ್ರೊಸೆಸರಿನ ಒಳಗಿನ ಆದೇಶಗಳ ತಿದ್ದುಪಡಿಗಳು) ಬಯೋಸ್ ಅಪ್‌ಡೇಟ್ ಮೂಲಕ ಬಂದವು, ಮತ್ತು ಬಾಕ್ಸ್ ಪ್ರೊಸೆಸರುಗಳ ವಾರಂಟಿಯನ್ನು 2 ವರ್ಷ ಹೆಚ್ಚಿಸಲಾಯಿತು.

ಅಪ್‌ಡೇಟ್ ಮುಂದಿನ ಸವೆತವನ್ನು ತಡೆಯುತ್ತದೆ, ಆಗಲೇ ಸವೆದದ್ದನ್ನು ಸರಿಪಡಿಸುವುದಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಬಯೋಸ್ ಹೊಸದಾದ ಮೇಲೂ ಬೇರೆ ಬೇರೆ ತಂತ್ರಾಂಶಗಳು ಬೀಳುತ್ತಲೇ ಇದ್ದರೆ, ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇದ್ದೂ ಗೇಮ್‌ಗಳು ವಿಡಿಯೊ ಮೆಮೊರಿ ಸಾಲದು ಎನ್ನುತ್ತಿದ್ದರೆ, ಪ್ರೊಸೆಸರನ್ನೇ ಬದಲಾಯಿಸಿಕೊಳ್ಳಲು ಅರ್ಜಿ ಹಾಕುವುದು ಸರಿಯಾದ ದಾರಿ. ಮದರ್‌ಬೋರ್ಡ್ ಬಯೋಸ್‌ನಲ್ಲಿ ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ಸ್ ಆಯ್ಕೆಯೇ ಇರಲಿ. ಬಯೋಸ್ ಅಪ್‌ಡೇಟ್ ಮಾಡುವಾಗ ಯುಪಿಎಸ್ ಇಲ್ಲದೆ ಕೂರಬೇಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೆ ಹೋಗಬಹುದು.

ಪರದೆ ಒಂದು ಕ್ಷಣ ಕಪ್ಪಾಗಿ ಮರಳಿ ಬಂತು, ಆದರೆ ಒಬಿಎಸ್ ಬಿದ್ದಿತ್ತು. ಇದೇನು?

ಗ್ರಾಫಿಕ್ಸ್ ಡ್ರೈವರ್ ನಿಂತು ಮತ್ತೆ ಶುರುವಾಗಿದೆ. ಗ್ರಾಫಿಕ್ಸ್ ಕಾರ್ಡ್ 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಬಲವಂತವಾಗಿ ಮರುಹೊಂದಿಸುತ್ತದೆ. ಈವೆಂಟ್ ವ್ಯೂಯರ್‌ನಲ್ಲಿ ಡಿಸ್‌ಪ್ಲೇ 4101 ಎಂದು ದಾಖಲಾಗುತ್ತದೆ. ಕಾರ್ಡನ್ನು ಓವರ್‌ಕ್ಲಾಕ್ ಮಾಡಿದ್ದರೆ ತೆಗೆಯಿರಿ. ಡಿಡಿಯು ಎಂಬ ಸಾಧನದಿಂದ ಹಳೆಯ ಡ್ರೈವರನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹಿಂದಿನದಕ್ಕೆ ಹೋಗಿ. ಕಾರ್ಡಿಗೆ ವಿದ್ಯುತ್ ತರುವ ಕೇಬಲ್ ಗಟ್ಟಿಯಾಗಿ ಕೂತಿದೆಯೇ ಎಂಬುದನ್ನು ಕೈಯಿಂದಲೇ ಮುಟ್ಟಿ ನೋಡಬೇಕು, ಏಕೆಂದರೆ ಮೇಜಿನಿಂದ ಮಂಟಪಕ್ಕೆ, ಮಂಟಪದಿಂದ ವ್ಯಾನಿಗೆ ಸಾಗಿಸುವ ಕಂಪ್ಯೂಟರುಗಳಲ್ಲಿ ಕಾರ್ಡೂ ಕೇಬಲೂ ಸಡಿಲವಾಗುವುದು ಹೆಚ್ಚು.

ಮಂಟಪದಲ್ಲಿ, ಹಳ್ಳಿಯ ನಾಟಕದಲ್ಲಿ ಮಾತ್ರ ಬೀಳುತ್ತದೆ. ಸ್ಟುಡಿಯೊದಲ್ಲಿ ಏನೂ ಆಗುವುದಿಲ್ಲ. ಏಕೆ?

ಎರಡು ಜಾಗಗಳ ನಡುವೆ ಬದಲಾಗುವುದು ವಿದ್ಯುತ್, ಶಾಖ, ದೂಳು ಮತ್ತು ಕೇಬಲ್‌ಗಳು. ಇವುಗಳಲ್ಲಿ ವಿದ್ಯುತ್ತಿನ ಬಗ್ಗೆ ವಿವರವಾಗಿ ಹೇಳಲೇಬೇಕು.

ಪೌರಾಣಿಕ ನಾಟಕದ ಬಯಲು ರಂಗದಲ್ಲಿ ಸೀನರಿಯ ದೀಪಗಳು, ಧ್ವನಿವರ್ಧಕ, ನಿಮ್ಮ ಕಂಪ್ಯೂಟರ್ ಎಲ್ಲವೂ ಸಾಮಾನ್ಯವಾಗಿ ಒಂದೇ ಜನರೇಟರ್‌ಗೆ ಕಟ್ಟಿಕೊಂಡಿರುತ್ತವೆ. ಯುದ್ಧದ ದೃಶ್ಯಕ್ಕೆ ಬಣ್ಣದ ದೀಪಗಳೆಲ್ಲ ಒಮ್ಮೆಗೇ ಹೊತ್ತಿದಾಗ ಜನರೇಟರಿನ ಮೇಲೆ ಹೊರೆ ದಿಢೀರನೆ ಏರಿ, ವೋಲ್ಟೇಜೂ ಆವರ್ತನವೂ ಕ್ಷಣಕಾಲ ಕುಸಿಯುತ್ತವೆ. 230 ವೋಲ್ಟ್, 50 ಹರ್ಟ್ಸ್ ಎಂಬುದು ಆ ಕ್ಷಣದಲ್ಲಿ ಕಾಗದದ ಮೇಲಷ್ಟೇ ಇರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಇಂಥ ಕುಸಿತವನ್ನು ಹತ್ತಿಪ್ಪತ್ತು ಮಿಲಿಸೆಕೆಂಡಿನವರೆಗೆ ತಡೆದುಕೊಳ್ಳಬಲ್ಲದು. ಹಳೆಯದು, ಕೆಪಾಸಿಟರ್ ಒಣಗಿದ್ದು, ವಾಟ್ ಸಾಲದ್ದು ಅಷ್ಟೂ ತಡೆಯುವುದಿಲ್ಲ. ಇದರಿಂದಲೇ ಸ್ಟುಡಿಯೊದ ಶಾಂತವಾದ ವಿದ್ಯುತ್ತಿನಲ್ಲಿ ಸರಿಯಾಗಿರುವ ಯಂತ್ರ ಬಯಲಿನಲ್ಲಿ ಬೀಳುತ್ತದೆ.

ನಿಮ್ಮ ಕಂಪ್ಯೂಟರಿಗೆ ಯುಪಿಎಸ್ ಇರಲೇಬೇಕು, ಅದು ಹೊರೆಗೆ ತಕ್ಕದ್ದಾಗಿರಬೇಕು. 600 ವಿಎ ಎಂದು ಬರೆದ ಸಣ್ಣ ಯುಪಿಎಸ್ ಸಾಮಾನ್ಯವಾಗಿ ಸುಮಾರು 360 ವಾಟ್ ಮಾತ್ರ ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್, ಮಾನಿಟರ್, ಸ್ವಿಚರ್ ಎಲ್ಲವನ್ನೂ ಅದಕ್ಕೇ ಕಟ್ಟಿದರೆ ಕರೆಂಟ್ ಹೋದ ಕ್ಷಣ ಯುಪಿಎಸ್ಸೇ ಕೈಬಿಡುತ್ತದೆ. ಅಗ್ಗದ ಯುಪಿಎಸ್‌ಗಳು ಕೊಡುವ ಒರಟು ಅಲೆಯೊಂದಿಗೆ ಆಕ್ಟಿವ್ ಪಿಎಫ್‌ಸಿ ಇರುವ ಕೆಲವು ಎಸ್‌ಎಂಪಿಎಸ್‌ಗಳು ಹೊಂದುವುದಿಲ್ಲ. ಪ್ಯೂರ್ ಸೈನ್‌ವೇವ್ ಆದರೆ ಆ ಚಿಂತೆಯಿಲ್ಲ. ಮನೆಯ ಇನ್ವರ್ಟರನ್ನೇ ಬಳಸುವವರು ಅದರ ಹಿಂಭಾಗದ ಗುಂಡಿ ಯುಪಿಎಸ್ ಮೋಡ್‌ನಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇನ್ನೊಂದು ಮೋಡ್‌ನಲ್ಲಿ ಬದಲಾಗಲು ತೆಗೆದುಕೊಳ್ಳುವ ಸಮಯ ಫ್ಯಾನಿಗೆ ಸಾಕು, ಕಂಪ್ಯೂಟರಿಗೆ ಸಾಲದು.

ತ್ರಿಫೇಸ್ ಸಂಪರ್ಕವಿರುವ ಮಂಟಪಗಳಲ್ಲಿ ಅಲಂಕಾರದ ದೀಪಗಳಿಲ್ಲದ ಫೇಸ್‌ನಿಂದ ನಿಮಗೆ ಲೈನ್ ಕೊಡಿರೆಂದು ಅಲ್ಲಿನ ಎಲೆಕ್ಟ್ರಿಷಿಯನ್‌ರನ್ನು ಕೇಳಿ. ಪ್ಲಗ್ ಹಾಕುವ ಮೊದಲು ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ನ್ಯೂಟ್ರಲ್ ತಂತಿ ಸಡಿಲವಾಗಿದ್ದರೆ ಒಂದು ಫೇಸ್‌ನಲ್ಲಿ ವೋಲ್ಟೇಜ್ 400ರ ಹತ್ತಿರಕ್ಕೂ ಏರಬಲ್ಲದು, ಆಗ ಹೋಗುವುದು ಒಬಿಎಸ್ ಅಷ್ಟೇ ಅಲ್ಲ, ಇಡೀ ಉಪಕರಣ. ಅರ್ಥಿಂಗ್ ಇಲ್ಲದ ಕಡೆ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವುದು, ಎಚ್‌ಡಿಎಂಐ ಕೇಬಲ್ ಚುಚ್ಚುವಾಗ ಕಿಡಿ ಕಾಣುವುದು ಇವನ್ನು ಎಂದಿಗೂ ಲಘುವಾಗಿ ತೆಗೆದುಕೊಳ್ಳಬೇಡಿ. ಕ್ಯಾಪ್ಚರ್ ಕಾರ್ಡ್ ಸುಟ್ಟುಹೋಗಲು ಅಷ್ಟು ಸಾಕು, ಮತ್ತು ಅದು ಮನುಷ್ಯರ ಜೀವಕ್ಕೂ ಅಪಾಯ.

ಬೇಸಿಗೆಯಲ್ಲಿ ತೊಂದರೆ ಹೆಚ್ಚಾಗುತ್ತದೆ. ಶಾಖವೇ ಕಾರಣವಿರಬಹುದೆ?

ಇರಬಹುದು. ಸುತ್ತಲಿನ ಗಾಳಿ 10 ಡಿಗ್ರಿ ಏರಿದರೆ ಒಳಗಿನ ಬಿಡಿಭಾಗಗಳೂ ಹೆಚ್ಚುಕಡಿಮೆ ಅಷ್ಟೇ ಏರುತ್ತವೆ. ಶಿವರಾತ್ರಿಯ ಹೊತ್ತಿನ ಸಿದ್ಧಗಂಗಾ ಜಾತ್ರೆಯಲ್ಲಿ ಸರಿಯಾಗಿದ್ದ ಕಂಪ್ಯೂಟರ್ ಮೇ ತಿಂಗಳಲ್ಲಿ ಪಾವಗಡದ ಶಾಮಿಯಾನದೊಳಗೆ ಬೀಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸ ತಿಳಿದಿರಲಿ: ಇಂದಿನ ಪ್ರೊಸೆಸರುಗಳು 95ರಿಂದ 100 ಡಿಗ್ರಿಯ ಬಳಿ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ, ಬೀಳುವುದಿಲ್ಲ. ಶಾಖದಿಂದ ಮೊದಲು ಬರುವುದು ಎನ್‌ಕೋಡಿಂಗ್ ತಡವಾಗುವಿಕೆ. ಅದಿಲ್ಲದೆ ನೇರವಾಗಿ ಬಿದ್ದರೆ ಮದರ್‌ಬೋರ್ಡಿನ ವೋಲ್ಟೇಜ್ ಭಾಗ, ರ‍್ಯಾಮ್, ಎಸ್‌ಎಂಪಿಎಸ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಇವುಗಳ ಶಾಖವನ್ನು ನೋಡಬೇಕು. ರಾಗಿ ಒಕ್ಕಣೆಯ ಕಾಲದಲ್ಲಿ ಹಳ್ಳಿಗಳಿಗೆ ಹೋಗಿ ಬಂದ ಮೇಲೆ, ತಿಪಟೂರು ಕಡೆ ತೆಂಗಿನ ನಾರಿನ ಘಟಕಗಳ ಪಕ್ಕ ಕೆಲಸ ಮಾಡಿದ ಮೇಲೆ ಬ್ಲೋಯರ್‌ನಿಂದ ದೂಳು ತೆಗೆಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ.

ಕ್ಯಾಪ್ಚರ್ ಕಾರ್ಡ್ ಚಿತ್ರ ನಿಂತು, ಆಮೇಲೆ ಒಬಿಎಸ್ ಹ್ಯಾಂಗ್ ಆಗುತ್ತದೆ. ಏನು ಮಾಡಬೇಕು?

ಕೇಬಲ್ ಬದಲಿಸಿ, ಹಬ್ ತೆಗೆದು ಮದರ್‌ಬೋರ್ಡಿನ ಹಿಂಭಾಗದ ಯುಎಸ್‌ಬಿ 3 ಪೋರ್ಟ್‌ಗೆ ನೇರವಾಗಿ ಹಾಕಿ, ಎರಡು ಕಾರ್ಡುಗಳಿದ್ದರೆ ಬೇರೆ ಬೇರೆ ಕಂಟ್ರೋಲರ್‌ಗಳಿಗೆ ಹಂಚಿ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಯ್ಕೆಯನ್ನು ಆಫ್ ಮಾಡಿಡಿ.

ವಿಂಡೋಸ್ ಮತ್ತೆ ಹಾಕಿದರೆ ಎಲ್ಲ ಸರಿಹೋಗುವುದಿಲ್ಲವೆ?

ತಂತ್ರಾಂಶದ ದೋಷವಾಗಿದ್ದರೆ ಹೋಗಬಹುದು. ಆದರೆ ರ‍್ಯಾಮ್ ಪರೀಕ್ಷಿಸದೆ ವಿಂಡೋಸ್ ಹಾಕುವುದು ಸರಿಯಲ್ಲ; ಕೆಟ್ಟ ರ‍್ಯಾಮ್ ಮೂಲಕ ಹಾದುಹೋದ ಕಡತಗಳು ಕೆಟ್ಟೇ ಡಿಸ್ಕಿನಲ್ಲಿ ಕೂರುತ್ತವೆ. ಮೊದಲು ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ ಡಿಸ್ಕಿನ ಆರೋಗ್ಯ ನೋಡಿ, ಆಮೇಲೆ ವಿಂಡೋಸ್ ಕಡತಗಳನ್ನು ತಾಳೆ ನೋಡುವ ಎಸ್‌ಎಫ್‌ಸಿ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಮಾಡಿದಾಗಲೆಲ್ಲ ಹೊಸ ಹೊಸ ಕಡತಗಳು ಕೆಟ್ಟಿವೆ ಎಂದು ಬಂದರೆ ಕಾರಣ ವಿಂಡೋಸ್‌ಗಿಂತ ಕೆಳಗಿದೆ.

ಕ್ರ್ಯಾಶ್ ಆದಾಗ ರೆಕಾರ್ಡಿಂಗ್ ಕೂಡ ಹೋಯಿತು. ಉಳಿಸಿಕೊಳ್ಳುವ ದಾರಿ ಇದೆಯೆ?

ಮುಂದಿನ ಸಲಕ್ಕೆ ಖಂಡಿತ ಇದೆ. ಸಾಧಾರಣ ಎಂಪಿ4 ಕಡತಕ್ಕೆ ಅದರ ಸೂಚಿಯನ್ನು ಕೊನೆಯಲ್ಲಿ ಬರೆಯಲಾಗುತ್ತದೆ. ನಡುವೆ ಬಿದ್ದರೆ ಆ ಸೂಚಿಯೇ ಇಲ್ಲದೆ ಇಡೀ ಕಡತ ತೆರೆಯದಂತಾಗುತ್ತದೆ. ಎಂಕೆವಿಯಲ್ಲಿ ಬಿದ್ದ ಕ್ಷಣದವರೆಗಿನದು ಉಳಿಯುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಫೈಲ್ ಮೆನುವಿನ ರೀಮಕ್ಸ್ ಆಯ್ಕೆಯಿಂದ ಗುಣಮಟ್ಟ ಕೆಡದಂತೆ ಎಂಪಿ4 ಮಾಡಿಕೊಳ್ಳಬಹುದು. 30.2ನೇ ಆವೃತ್ತಿಯಿಂದ ಬಂದಿರುವ ಹೈಬ್ರಿಡ್ ಎಂಪಿ4 ಕೂಡ ಇದೇ ಸುರಕ್ಷೆ ಕೊಡುತ್ತದೆ. ಒಬ್ಬರ ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಕ್ಯಾಮೆರಾದ ಒಳಗಿನ ಕಾರ್ಡಿನಲ್ಲೂ ರೆಕಾರ್ಡಿಂಗ್ ಸದಾ ನಡೆಯುತ್ತಿರಲಿ.

ನಾಳೆಯೇ ಕಾರ್ಯಕ್ರಮವಿದೆ, ಪರೀಕ್ಷಿಸಲು ಸಮಯವಿಲ್ಲ. ಈಗೇನು?

ಕಾರಣ ಹುಡುಕುವುದನ್ನು ಬದಿಗಿಟ್ಟು ಹೊರೆ ಇಳಿಸಿ. ಬಯೋಸ್‌ನಲ್ಲಿ ಡಿಫಾಲ್ಟ್ ಸೆಟ್ಟಿಂಗ್‌ಗಳನ್ನು ಹಾಕಿದರೆ ಎಕ್ಸ್‌ಎಂಪಿ ಮತ್ತು ಓವರ್‌ಕ್ಲಾಕ್ ಎರಡೂ ಹೋಗುತ್ತವೆ. ಎಕ್ಸ್264 ಬದಲಿಗೆ ಎನ್‌ವೆಂಕ್ ಅಥವಾ ಕ್ವಿಕ್‌ಸಿಂಕ್ ಆರಿಸಿ, ಏಕೆಂದರೆ ಎನ್‌ಕೋಡಿಂಗ್‌ಗೆಂದೇ ಚಿಪ್‌ನಲ್ಲಿರುವ ಪ್ರತ್ಯೇಕ ಭಾಗ ಆ ಕೆಲಸ ಮಾಡುತ್ತದೆ. 720ಪಿ, 30 ಫ್ರೇಮ್‌ಗೆ ಇಳಿಸಿ. ಮೊಬೈಲ್‌ನಲ್ಲಿ ನೋಡುವ ಬಂಧುಗಳಿಗೆ ಅದು ಸಾಕು. ಸೇಫ್ ಮೋಡ್‌ನಲ್ಲಿ ತೆರೆಯಿರಿ, ಬ್ರೌಸರ್ ಸೋರ್ಸ್ ಬಿಡಿ. ಒಂದು ಎರವಲು ಲ್ಯಾಪ್‌ಟಾಪಿನಲ್ಲಿ ಅದೇ ಸ್ಟ್ರೀಮ್ ಕೀ ಹಾಕಿ ಸಿದ್ಧವಾಗಿಡಿ, ಆದರೆ ಎರಡರಿಂದಲೂ ಒಟ್ಟಿಗೆ ಪ್ರಸಾರ ಶುರುಮಾಡಬೇಡಿ.

ಅಂಗಡಿಗೆ ಅಥವಾ ಸರ್ವಿಸ್ ಸೆಂಟರ್‌ಗೆ ಒಯ್ದರೆ ಎಲ್ಲ ಸರಿಯಿದೆ ಎನ್ನುತ್ತಾರೆ. ಹೇಗೆ ಒಪ್ಪಿಸುವುದು?

ಬಂದುಹೋಗುವ ದೋಷ ಅಂಗಡಿಯ ಹತ್ತು ನಿಮಿಷದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ, ಎಸ್.ಪಿ. ರಸ್ತೆಗೋ ಕಂಪನಿಯ ಕೇಂದ್ರಕ್ಕೋ ಹೋಗುವ ಮೊದಲು ದಾಖಲೆ ಸಿದ್ಧಪಡಿಸಿಕೊಳ್ಳಿ: ಮೆಮ್‌ಟೆಸ್ಟ್ ದೋಷದ ಪರದೆಯ ಫೋಟೊ, ಡಬ್ಲ್ಯುಎಚ್‌ಇಎ-ಲಾಗರ್ ನಮೂದುಗಳು, ಬಿದ್ದ ದಿನಾಂಕ ಮತ್ತು ಸಮಯ, ಖರೀದಿಯ ಬಿಲ್. ಎಷ್ಟು ಹೊತ್ತು, ಯಾವ ಪರೀಕ್ಷೆ ಓಡಿಸಿದರೆ ದೋಷ ಬರುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದು ಬಿಡಿಭಾಗದ ಜೊತೆಗೇ ಕೊಡಿ. ಆಗಾಗ ಬೀಳುತ್ತದೆ ಎಂಬ ಮಾತಿಗಿಂತ, ಬ್ಲೆಂಡ್ ಪರೀಕ್ಷೆಯಲ್ಲಿ ಒಂದು ಗಂಟೆಯೊಳಗೆ ತಪ್ಪುತ್ತದೆ ಎಂಬ ಮಾತಿಗೆ ಅಲ್ಲಿನ ತಂತ್ರಜ್ಞರು ಕಿವಿಗೊಡುತ್ತಾರೆ.

ಸರಿಹೋಗಿದೆ ಎಂದು ಯಾವಾಗ ನಂಬಬಹುದು?

ಮೊದಲು ಎಷ್ಟು ಅಂತರದಲ್ಲಿ ಬೀಳುತ್ತಿತ್ತು ಎಂಬುದರ ಮೇಲೆ ಅದು ನಿಂತಿದೆ. ದಿನಕ್ಕೊಮ್ಮೆ ಬೀಳುತ್ತಿದ್ದದ್ದು ಒಂದು ವಾರ ಬೀಳದಿದ್ದರೆ ಭರವಸೆ ಇಡಬಹುದು. ತಿಂಗಳಿಗೊಮ್ಮೆ ಬೀಳುತ್ತಿದ್ದದ್ದು ಒಂದು ವಾರ ಬೀಳದಿದ್ದರೆ ಏನೂ ತಿಳಿಯುವುದಿಲ್ಲ. ಹಿಂದಿನ ಅಂತರದ ಮೂರ್ನಾಲ್ಕು ಪಟ್ಟು ಕಾಲ ತೊಂದರೆಯಿಲ್ಲದೆ ಕಳೆಯುವವರೆಗೆ ಎರಡನೆಯ ಲ್ಯಾಪ್‌ಟಾಪ್ ಜೊತೆಯಲ್ಲೇ ಇರಲಿ. ಈ ಅವಧಿಯಲ್ಲಿ ಹೊಸ ಪ್ಲಗಿನ್, ಹೊಸ ಡ್ರೈವರ್, ಹೊಸ ಬಯೋಸ್ ಯಾವುದನ್ನೂ ಸೇರಿಸಬೇಡಿ. ಎಕ್ಸ್‌ಎಂಪಿ ತೆಗೆದದ್ದರಿಂದ ಸರಿಹೋಗಿದೆ ಎನಿಸಿದರೆ, ಕಾರ್ಯಕ್ರಮವಿಲ್ಲದ ದಿನ ಅದನ್ನು ಮತ್ತೆ ಹಾಕಿ ದೋಷ ಮರಳಿ ಬರುತ್ತದೆಯೇ ಎಂದು ನೋಡಿ. ಮರಳಿ ಬಂದರೆ ಕಾರಣ ಅದೇ ಎಂಬುದು ಖಚಿತವಾಗುತ್ತದೆ, ಆಮೇಲೆ ಅದನ್ನು ತೆಗೆದೇ ಬಿಡಿ.